ಖಾರದ ಕೈ

ನಿಸರ್ಗದಲ್ಲಿ ಮರಿಯನ್ನು ಬಿಟ್ಟುಹೋಗುವ ತಾಯಿಯೇ ಇಲ್ಲ ಎನ್ನುತ್ತಾರೆ. ಹಾಗೆನ್ನುವವರು ಬೆಕ್ಕು ಸಾಕಿದವರಲ್ಲ. ಕಾಲೇಜಿನ ದಿನಗಳಲ್ಲಿ ಹಾವೇರಿಯ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳು ಮರಿಗಳ ಮೇಲೆ ರೆಕ್ಕೆ ಹರಡುವ ಕೋಳಿಯನ್ನು ವರ್ಣಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದರು. ನಾನು ಎದ್ದು, ತಾನಿಟ್ಟ ಮೊಟ್ಟೆಯನ್ನೇ ಕುಕ್ಕಿ ಕುಡಿಯುವ ಕೋಳಿಯ ಬಗ್ಗೆ ಕೇಳುತ್ತಿದ್ದೆ. ಹೀಗೆ ತಾಯ್ತನವನ್ನು ಸೋಲಿಸಿ ಎರಡು ಕಪ್ ಗೆದ್ದಿದ್ದೇನೆ. ಒಂದರಲ್ಲಿ ಅವ್ವ ಊದಿನಕಡ್ಡಿ ಸಿಕ್ಕಿಸಿಟ್ಟಿದ್ದಾಳೆ.

ಈಗ ಎದುರಾಳಿ ಹೊಟ್ಟೆಯೊಳಗೇ ಇದ್ದಾನೆ, ಅಥವಾ ಇದ್ದಾಳೆ. ಎಂಟು ತಿಂಗಳು ತುಂಬಿವೆ. ಚೊಚ್ಚಲ ಹೆರಿಗೆಗೆಂದು ರಾಣೆಬೆನ್ನೂರಿನ ಗಂಡನ ಮನೆಯಿಂದ ಬ್ಯಾಡಗಿಯ ತವರಿಗೆ ಬಂದಿದ್ದೇನೆ. ನೋಡಲು ಬಂದವರೆಲ್ಲ, "ಕೂಸಿನ ಮಾರಿ ನೋಡಿದ ಕೂಡ್ಲೇ ಮಾಯಾ ತಾನ ಉಕ್ಕಿ ಬರತೈತಿ ನೋಡವಾ" ಎನ್ನುತ್ತಾರೆ. ಆ ಮಾಯೆ, ಆ ಮಮತೆ, ಉಕ್ಕದಿದ್ದರೆ? ಹಾಲು ಕೂಡ ಉರಿಯಿಲ್ಲದೆ ಉಕ್ಕುವುದಿಲ್ಲ. ಈ ಅಂಜಿಕೆಯನ್ನು ನಿಮಗೊಬ್ಬರಿಗೇ ಹೇಳುತ್ತಿದ್ದೇನೆ, ಓಣಿಯಲ್ಲಿ ಬಾಯಿಬಿಡಬೇಡಿ.

ಮೊನ್ನೆ ನಮ್ಮ ಬೆಕ್ಕು ಪಡಸಾಲೆಯ ಮೂಲೆಯಲ್ಲಿದ್ದ ನಾಲ್ಕು ಮರಿಗಳಲ್ಲಿ ಮೂರನ್ನು ಒಂದೊಂದಾಗಿ ಕಚ್ಚಿಕೊಂಡು ಪಕ್ಕದ ಮನೆಗೆ ಒಯ್ದಿತು. ಎಲ್ಲಕ್ಕಿಂತ ಸಣ್ಣದು ಖಾಲಿ ಚೀಲದ ಮೇಲೆ ಉಳಿಯಿತು. ಮುಂಜಾನೆಯೆಲ್ಲ ಕೂಗಿತು. ಮಧ್ಯಾಹ್ನದ ಹೊತ್ತಿಗೆ ದನಿ ಅಡಗುತ್ತ ಬಂತು. ನನ್ನ ವಾದ ಗೆದ್ದಿತ್ತು. ನಾನು ಮಾತ್ರ ಚೀಲದ ಹತ್ತಿರ ಹೋಗದೆ ಅಂಗಳಕ್ಕೆ ನಡೆದೆ.

ಅವ್ವ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು.

"ಅವ್ವಾ, ಅದನ್ನ ಎತ್ತಿಕೋ. ಸಾಯಾಕತ್ತೈತಿ."

"ಈ ಕೈಲೆ? ಹಸೀ ಮೈ ಅದರದು, ಉರದು ಹೋಗತೈತಿ. ನೀ ಎತ್ತಿಕೋ."

"ನನಗ ಅಂಜಿಕಿ."

"ಸ್ಟೇಜಿನ ಮ್ಯಾಲೆ ಮಂದೀನ ಅಂಜಿಸತಿದ್ದೆಲ್ಲಾ ನಮ್ಮವ್ವಾ!"

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೇಳುತ್ತಾರೆ. ದಿನವಿಡೀ ತೊಟ್ಟು ಬಿಡಿಸಿದ ಕೈಗಳನ್ನು ಅವರು ಕೇಳಿಲ್ಲ. ಎಷ್ಟು ತೊಳೆದರೂ ಉರಿ ಉಗುರಿನ ಸಂದಿಯಲ್ಲಿ ಕುಳಿತೇ ಇರುತ್ತದೆ.

"ನೀ ಮೊಲಿಗೂಸಿದ್ದಾಗೂ ಹಿಂಗ," ಎಂದಳು ಅವ್ವ. "ಅತ್ತ ಅತ್ತ ಕೆಂಪಗಾಗತಿದ್ದಿ. ಕೈಗೆ ಎಣ್ಣಿ ಹಚ್ಚಿ, ಉರಿ ಇಳಿಯೂತನಕ ಬಾಗಲದಾಗ ನಿಂತಿರತಿದ್ನಿ. ಇಕಿಗೆ ಕರುಳಾ ಇಲ್ಲಂತ ನಿಮ್ಮಜ್ಜಿ ಓಣಿ ತುಂಬ ಹೇಳಿ ಬಂದಿದ್ಲು."

ನನ್ನ ಯಾವ ಭಾಷಣದಲ್ಲೂ ಈ ಬಾಗಿಲು ಇರಲಿಲ್ಲ. ಬಿಟ್ಟುಹೋದ ತಾಯಿ, ಬಾಗಿಲಲ್ಲಿ ನಿಂತ ತಾಯಿ: ಅಳುವ ಕೂಸಿಗೆ ಇಬ್ಬರೂ ಒಂದೇ. ಹೊರಗಿನಿಂದ ಗುರುತು ಹಿಡಿಯಲಾಗದು. ಒಳಗಿನಿಂದಲಾದರೂ ಗೊತ್ತಾಗುತ್ತದೆಯೇ? ನನ್ನ ಅಂಜಿಕೆ ಇಮ್ಮಡಿಯಾಯಿತು.

ಕೊನೆಗೆ ಹಳೆಯ ಸೀರೆಯ ಚೂರಿನಲ್ಲಿ ಮರಿಯನ್ನು ಸುತ್ತಿ ಹೊಟ್ಟೆಯ ಮೇಲಿಟ್ಟುಕೊಂಡೆ. ಅರಳೆಯಲ್ಲಿ ಹಾಲು ಅದ್ದಿ ಬಾಯಿಗೆ ಹಿಡಿದರೆ ನೆಕ್ಕಲಿಲ್ಲ. ಒಳಗಿನದು ಒಮ್ಮೆ ಒದೆಯಿತು. ಮಾಯೆ ಉಕ್ಕೀತೇ ಎಂದು ಕಾದೆ. ಇಲ್ಲ. ಇದು ಸತ್ತರೆ ಏನು ಗತಿ ಎಂಬ ದಿಗಿಲೊಂದೇ ಉಕ್ಕಿತು. ಬೆಕ್ಕು ಕಾಂಪೌಂಡಿನ ಮೇಲೆ ಬಂದು ಕುಳಿತು ನಮ್ಮನ್ನೇ ನೋಡಿತು, ಇಳಿಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಮರಿ ಅರಳೆಯನ್ನು ಒಂದು ಸಲ ಚೀಪಿತು. ನಾನು ಅರಳೆಯನ್ನು ಮತ್ತೆ ಹಾಲಿನಲ್ಲಿ ಅದ್ದಿದೆ.

ಅವ್ವ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು.

"ಅವ್ವಾ, ಖರೇ ಹೇಳು. ಅವತ್ತ ಅಲ್ಲಿ ನಿಂತಾಗ ನಿನಗ ಮಾಯಾ ಬಂದಿತ್ತೋ, ಇಲ್ಲಾ ಹಿಂಗ ಬರೇ ಅಂಜಿಕಿ ಬಂದಿತ್ತೋ?"