ಅಯ್ನೋರ ಮನೆಗೆ ಬಂದ ಫೋನುಗಳು

ಆಗೆಲ್ಲ ಚಾಮರಾಜನಗರದ ನಮ್ಮ ಬೀದಿಗೆ ಒಳ್ಳೆಯ ಸುದ್ದಿ ಕಾರ್ಡಿನಲ್ಲಿ ಬರುತ್ತಿತ್ತು, ಕೆಟ್ಟದ್ದು ಫೋನಿನಲ್ಲಿ. ಇಡೀ ಬೀದಿಗೆ ಇದ್ದದ್ದು ಒಂದೇ ಫೋನು, ಅದೂ ನಮ್ಮ ಮನೆಯಲ್ಲಿ. ಅಪ್ಪ ಚರ್ಚಿನ ಪಾದ್ರಿ. ಕಾಂಪೌಂಡಿನೊಳಗಿದ್ದ ಸಣ್ಣ ಔಷಧಾಲಯಕ್ಕೆಂದು ಹಾಕಿಸಿದ್ದ ಆ ಕರಿ ಪೆಟ್ಟಿಗೆ ಅಪ್ಪ ಭಾನುವಾರದ ಆರಾಧನೆಗೆ ಪ್ರಸಂಗ ಬರೆಯುವ ಮೇಜಿನ ಮೇಲೆ ಕೂತಿತ್ತು. ಜನ ಅದನ್ನು ‘ಅಯ್ನೋರ ಪೋನು’ ಎನ್ನುತ್ತಿದ್ದರು. ಯಾರಿಗೆ ಕರೆ ಬಂದರೂ ಅಪ್ಪನೇ ಚಪ್ಪಲಿ ಮೆಟ್ಟಿಕೊಂಡು ಹೋಗಿ ಕರೆತರುತ್ತಿದ್ದರು.

ನನಗೆ ಒಂಬತ್ತು ತುಂಬಿದ್ದ ಬೇಸಿಗೆ. ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಕಾಲ. ಬೀದಿಯ ತುಂಬ ಹುಳಿ ವಾಸನೆ. ನಾನೂ ನನ್ನ ಗೆಳತಿ ಜುಬೇದಾಳೂ ಹುಣಸೆಹಣ್ಣಿಗೆ ಉಪ್ಪು, ಮೆಣಸಿನಕಾಯಿ, ಬೆಲ್ಲ ಹಾಕಿ ಜಜ್ಜಿ, ಕಡ್ಡಿಗೆ ಸಿಕ್ಕಿಸಿಕೊಂಡು ನಾಲಿಗೆ ಒಡೆಯುವ ತನಕ ಚೀಪುತ್ತಿದ್ದೆವು. ಬೀಜವೆಲ್ಲ ಅಳಗುಳಿಮಣೆಗೆ. ಜುಬೇದಾ ಟೈಲರ್ ಗಫೂರ್ ಸಾಬರ ಮಗಳು. ಅವರ ಮನೆ ನಮ್ಮಿಂದ ನಾಲ್ಕನೆಯದು. ಅಪ್ಪನ ಬಿಳಿ ನಿಲುವಂಗಿ ಹೊಲಿಯುತ್ತಿದ್ದವರೂ ಅವರೇ.

ಆ ಶನಿವಾರ ಬೆಳಗಿನ ಮೊದಲ ಬಸ್ಸಿಗೆ ನಮ್ಮಮ್ಮ, ಜುಬೇದಾಳ ತಾಯಿ ಖತೀಜಾಬಿ ಇಬ್ಬರೂ ಜೊತೆಯಾಗಿ ಹೊರಟರು. ಅಮ್ಮ ಹಂಗಳದಲ್ಲಿದ್ದ ಚಿಕ್ಕಮ್ಮನ ಬಾಣಂತನಕ್ಕೆ, ಖತೀಜಾಬಿ ಗುಂಡ್ಲುಪೇಟೆಯ ತವರಿಗೆ. ಹೊರಡುವ ಮುಂಚೆ ನಮ್ಮಿಬ್ಬರಿಗೂ ಜಡೆ ಹಾಕಿದ್ದು ಖತೀಜಾಬಿಯೇ. ‘ಸಂಜೆ ತನ್ಕ ಬಿಚ್ಬಾರ್ದು ನೋಡಿ’ ಎಂದು ಇಬ್ಬರ ತಲೆಗೂ ಮೊಟಕಿದ್ದರು.

ಎಂಟು ಗಂಟೆಗೆ ಮೊದಲ ಫೋನು ಮೈಸೂರಿನಿಂದ. ಅಪ್ಪ ನಗುತ್ತ ಹೊರಬಂದರು. ‘ನಾಳೆ ಬಿಷಪ್ಪರು ಬರೋಲ್ವಂತೆ. ನನ್ನ ಪ್ರಸಂಗವೇ ಗತಿ ನಿಮ್ಗೆ.’ ಸ್ವಲ್ಪ ಹೊತ್ತಿಗೆ ಪುಣಜನೂರಿನ ಫಾರೆಸ್ಟಿನವರು ಕಾಂಪೌಂಡರನ್ನು ಕೇಳಿ ಫೋನು ಮಾಡಿದರು. ಅಪ್ಪ ಮತ್ತೆ ಬರೆಯಲು ಕೂರುವಷ್ಟರಲ್ಲಿ ಮೂರನೆಯದು ಬಂತು, ಗುಂಡ್ಲುಪೇಟೆಯ ಪೋಸ್ಟ್ ಮಾಸ್ತರದು.

ಲೈನಿನಲ್ಲಿ ಸದ್ದು ತೀರ ಸಣ್ಣಗೆ ಕೇಳುತ್ತಿತ್ತಾದ್ದರಿಂದ ಅಪ್ಪ ಅತ್ತಲವರ ಮಾತನ್ನು ತಾವೂ ಗಟ್ಟಿಯಾಗಿ ಹೇಳುತ್ತಿದ್ದರು. ‘ನಮ್ಮೂರ ಬಸ್ಸಾ? ಮಗುಚ್ಕೊಂಡಿದ್ಯಾ? ಎಲ್ಲಿ? ತೆರಕಣಾಂಬಿ ದಾಟಿ?’ ಅಷ್ಟಕ್ಕೇ ಲೈನು ಕಡಿಯಿತು.

ಅರ್ಧ ಗಂಟೆಯಲ್ಲಿ ನಮ್ಮ ಜಗಲಿ ತುಂಬಿಹೋಯಿತು. ಗಫೂರ್ ಸಾಬರು ಕೊರಳಲ್ಲಿದ್ದ ಅಳತೆ ಟೇಪು ತೆಗೆಯದೆಯೇ ಓಡಿಬಂದಿದ್ದರು. ಫೋನು ಬಡಿದುಕೊಳ್ಳುವುದು, ಮೂರು ನಿಮಿಷ ಮಾತು, ಕಡಿಯುವುದು, ಮತ್ತೆ ಬಡಿದುಕೊಳ್ಳುವುದು. ಪ್ರತಿ ಸಲ ಮೂರೋ ನಾಲ್ಕೋ ಹೆಸರು. ಅಪ್ಪ ಅವನ್ನು ಭಾನುವಾರದ ಪ್ರಸಂಗದ ಹಾಳೆಯ ಹಿಂದೆ ಬರೆದುಕೊಂಡು, ಹೊರಗೆ ಬಂದು ಓದುತ್ತಿದ್ದರು. ‘ಚಂದಕವಾಡಿ ಮಾದಯ್ಯ, ಕೈ ಮುರಿದಿದೆ, ಜೀವಕ್ಕೇನೂ ಭಯ ಇಲ್ಲ.’ ಮಾದಯ್ಯನ ಅಣ್ಣ ಅಲ್ಲೇ ಕುಸಿದು ಕೂತು, ‘ಅಯ್ಯೋ, ಉಳ್ಕಂಡ ಕಣಪ್ಪೋ’ ಎಂದು ಅತ್ತ.

ನಾನು ಅಪ್ಪನ ಅಂಗಿ ಹಿಡಿದೆಳೆದೆ. ‘ಅಮ್ಮನ್ನ ಕೇಳಪ್ಪ ಮೊದ್ಲು!’

‘ಎಲ್ಲರ ಮನೆಯೋರೂ ಕೂತಿದ್ದಾರಲ್ಲ ಮಗಳೆ. ಫೋನಿನೋರು ಹೇಳ್ದಂಗೇ ಬರ್ಕೋಬೇಕು.’

ನನಗೆ ಅಪ್ಪನ ಮೇಲೆ ಎಂಥ ಸಿಟ್ಟು ಬಂತೆಂದರೆ, ಅವರ ಕೈಯ ಪೆನ್ಸಿಲ್ಲಿನ ಮೊನೆ ಎರಡು ಸಲ ಮುರಿದದ್ದನ್ನು ನೋಡಿಯೂ ಅದೇಕೆಂದು ಹೊಳೆಯಲಿಲ್ಲ.

ಮುಂದಿನ ಕರೆಯಲ್ಲಿ ಅಪ್ಪ, ‘ಒಬ್ಬ ಹೆಣ್ಣುಮಗಳು...’ ಎಂದು ಶುರುಮಾಡಿ ನಿಲ್ಲಿಸಿಬಿಟ್ಟರು. ಮುಂದಿನದನ್ನು ಗಟ್ಟಿಯಾಗಿ ಹೇಳಲಿಲ್ಲ. ಜಗಲಿಯವರಿಗೆಲ್ಲ ಅರ್ಥವಾಯಿತು. ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲವಂತೆ, ಅಷ್ಟನ್ನೇ ಅಪ್ಪ ಹೇಳಿದ್ದು. ಗಫೂರ್ ಸಾಬರು ಎದ್ದು ನಿಂತರು. ‘ಅಯ್ನೋರೆ, ಬುರ್ಖಾನೋ, ಸೀರೆನೋ?’

‘ಅದನ್ನ ಕೇಳೋಷ್ಟರಲ್ಲೇ ಕಡಿದೋಯ್ತು ಸಾಬ್ರೆ.’

ಜುಬೇದಾ ನನ್ನ ಪಕ್ಕ ಬಂದು ಕೂತಳು. ಇಬ್ಬರೂ ಕಣ್ಣು ಮುಚ್ಚಿ, ನಮ್ಮ ನಮ್ಮ ದೇವರಿಗೆ ಬಾಯೊಳಗೇ ಏನೇನೋ ಹೇಳಿಕೊಂಡೆವು.

ಮತ್ತೆ ಫೋನು ಬಡಿದುಕೊಂಡಿತು. ಅಪ್ಪ ಎತ್ತಿದರು. ‘ಸುಗುಣ? ನೀನೇನಾ?’ ಎಂದರು.

ನಾನು ನೆಗೆದುಬಿಟ್ಟೆ. ‘ನಮ್ಮಮ್ಮ! ನಮ್ಮಮ್ಮ ಬದ್ಕವ್ಳೆ!’ ಎಂದು ಕಿರುಚಿ, ಜುಬೇದಾಳ ಎರಡೂ ಕೈ ಹಿಡಿದು ಜಗಲಿಯ ನಡುವೆ ಗಿರಗಿರನೆ ತಿರುಗಿಸಿದೆ. ಅವಳೂ ನಕ್ಕಳು. ನಿಜವಾಗಿ, ನನಗಾಗಿ ನಕ್ಕಳು. ತಿರುಗುತ್ತಲೇ ಇದ್ದಾಗ ಬಾಗಿಲಲ್ಲಿ ಅಪ್ಪ ಕಂಡರು. ಕೈಯಲ್ಲಿ ಹಾಳೆ ಇರಲಿಲ್ಲ. ಅವರು ನನ್ನತ್ತ ನೋಡಲಿಲ್ಲ.

‘ಗಫೂರ್ ಸಾಬ್ರೆ, ಒಂಚೂರು ಒಳಗೆ ಬನ್ನಿ.’

ಜುಬೇದಾಳ ಕೈಗಳು ಇನ್ನೂ ನನ್ನ ಕೈಯಲ್ಲಿದ್ದವು. ಒಳಗಿನಿಂದ ಗಫೂರ್ ಸಾಬರ ದನಿ ಕೇಳಿದಾಗ ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

ಅಪ್ಪ, ಗಫೂರ್ ಸಾಬರು ಒಂದು ಲಾರಿ ಹಿಡಿದು ಗುಂಡ್ಲುಪೇಟೆಗೆ ಹೋದರು. ಸಂಜೆ ಖತೀಜಾಬಿಯ ದೇಹ ತಂದ ಅದೇ ಲಾರಿಯಲ್ಲಿ ತಲೆಗೆ ಪಟ್ಟಿ ಕಟ್ಟಿಕೊಂಡು ಬಂದ ಅಮ್ಮ, ನಮ್ಮ ಮನೆಯಲ್ಲಿ ಇಳಿಯದೆ ನೇರವಾಗಿ ಜುಬೇದಾಳ ಮನೆಗೆ ಹೋದಳು. ಅಲ್ಲಿಂದ ಬಂದದ್ದು ಮಾರನೆಯ ಮಧ್ಯಾಹ್ನ. ಆ ಭಾನುವಾರ ಅಪ್ಪ ಪ್ರಸಂಗ ಮಾಡಲಿಲ್ಲ, ಒಂದು ಪ್ರಾರ್ಥನೆ ಹೇಳಿ ಇಳಿದುಬಿಟ್ಟರು.

ವಾರದ ಮೇಲೆ ನಾನು ಅಪ್ಪನನ್ನು ಕೇಳಿದೆ, ‘ನಾನು ಕುಣಿದದ್ದು ಪಾಪವಾ?’

‘ಅಮ್ಮ ಉಳಿದ್ಲು ಅಂತ ಕುಣಿಯೋದು ಪಾಪ ಅಲ್ಲ ಮಗಳೆ’ ಎಂದರು. ‘ಆದ್ರೆ ಹೋಗು, ಜುಬೇದಾ ಹತ್ರ ಕೂತ್ಕೊ. ಏನೂ ಮಾತಾಡ್ಬೇಡ, ಸುಮ್ನೆ ಕೂತ್ಕೊ’ ಎಂದರು.

ನಾನು ಹೋಗಲಿಲ್ಲ. ನಾಳೆ ಹೋಗುತ್ತೇನೆ, ನಾಡಿದ್ದು ಹೋಗುತ್ತೇನೆ ಎಂದುಕೊಂಡೆ. ಅವಳು ಬೀದಿಯಲ್ಲಿ ಎದುರಾದರೆ ತಲೆ ತಗ್ಗಿಸಿ ಬೇರೆ ಕಡೆಯಿಂದ ಹೋದೆ. ಅವಳು ಒಂದು ಸಲ ನನ್ನ ಹೆಸರು ಹಿಡಿದು ಕೂಗಿದಳು, ಕೇಳಿಸದವಳಂತೆ ನಡೆದೆ. ಮಳೆಗಾಲಕ್ಕೆ ಮುಂಚೆ ಗಫೂರ್ ಸಾಬರು ಮಗಳನ್ನು ಕರೆದುಕೊಂಡು ಊರು ಬಿಟ್ಟು ಅಕ್ಕನ ಮನೆ ಸೇರಿದರು.

ಅಮ್ಮ ಆಮೇಲೆ ಮೂವತ್ತು ವರ್ಷಕ್ಕೂ ಮೇಲೆ ಬದುಕಿದಳು. ನನ್ನ ಮಕ್ಕಳ ಬಾಣಂತನ ಮಾಡಿದಳು, ಮೊಮ್ಮಕ್ಕಳಿಗೆ ಕಥೆ ಹೇಳಿದಳು. ಅದೆಲ್ಲ ನನಗೆ ಸಿಕ್ಕಿತು. ಆ ಬೀದಿ ಈಗ ಅಂಗಡಿಗಳ ಸಾಲಾಗಿದೆ, ಕಾಂಪೌಂಡೂ ಇಲ್ಲ. ಅದಕ್ಕೆಲ್ಲ ಅಷ್ಟಾಗಿ ದುಃಖವಿಲ್ಲ. ನಾಲ್ಕನೆಯ ಮನೆಗೆ ಹೋಗಿ ಸುಮ್ಮನೆ ಕೂರುವುದಷ್ಟೇ ನಾನು ಮಾಡಬೇಕಿದ್ದ ಕೆಲಸ. ಅಷ್ಟನ್ನೂ ಮಾಡದೆ, ನನಗಾಗಿ ನಕ್ಕವಳನ್ನು ನಾನೇ ಕಳೆದುಕೊಂಡೆ.