ಕುಂಡದ ಮೇಷ್ಟ್ರ ಕೈತೂಕ

ಮಗಳು ನಿನ್ನೆಗಿಂತ ಹಗುರವಾಗಿದ್ದಾಳೆ ಎಂಬ ಚಿಂತೆ ಬೆಳಗಿನಿಂದ ನನ್ನನ್ನು ಬಿಟ್ಟಿಲ್ಲ. ಡಾಕ್ಟರ ತೂಕದ ಯಂತ್ರ ಎಲ್ಲ ಸರಿಯಿದೆ ಎನ್ನುತ್ತದೆ. ಆದರೂ ಎತ್ತುತ್ತೇನೆ, ಮಲಗಿಸುತ್ತೇನೆ, ಮತ್ತೆ ಎತ್ತುತ್ತೇನೆ. "ಮಗೂನ ಏನು ತರಕಾರಿ ಅಂದ್ಕೊಂಡಿದ್ದೀಯಾ?" ಎಂದು ಅತ್ತೆ ಗದರಿದರು.

ಎತ್ತಿ ತೂಗುವ ಈ ಚಟ ಕುಂಡದ ಮೇಷ್ಟ್ರಿಂದ ಅಂಟಿದ್ದು. ತೋಟಗಾರಿಕೆ ಕಾಲೇಜಿನಲ್ಲಿ ಅವರು ನನ್ನ ಗುರುಗಳು. ಉಳಿದ ವಿಜ್ಞಾನಿಗಳು ಎಕರೆಗಟ್ಟಲೆ ತೋಟದ ಮಾತಾಡುವಾಗ, ಇವರು ಮೂವತ್ತೊಂದು ವರ್ಷ ಗೇಣಗಲದ ಕುಂಡದೊಳಗೆ ಬೇರು ಹೇಗೆ ಸುತ್ತಿಕೊಳ್ಳುತ್ತದೆ, ತೆಂಗಿನ ನಾರಿನ ಪುಡಿಗೆ ಎಷ್ಟು ಮರಳು ಬೆರೆಸಿದರೆ ನೀರು ಸರಾಗ ಇಳಿಯುತ್ತದೆ ಎಂದು ನೋಡುತ್ತ ಕುಳಿತರು. "ಬಾವೀಲಿ ಕಪ್ಪೆ, ಕುಂಡದಲ್ಲಿ ಮೇಷ್ಟ್ರು" ಎಂದು ಸಹೋದ್ಯೋಗಿಗಳು ಚೇಷ್ಟೆ ಮಾಡಿದರೆ, "ಕಪ್ಪೆಗೆ ತನ್ನ ಬಾವಿ ಆಳ ಗೊತ್ತಿರುತ್ತೆ ಕಣ್ರೀ" ಎನ್ನುತ್ತಿದ್ದರು.

ಮೊದಲ ತರಗತಿಯಲ್ಲೇ ಪ್ರತಿಯೊಬ್ಬರ ಕೈಗೂ ಒಂದು ಕುಂಡ ಕೊಡುತ್ತಿದ್ದರು. "ಎಲೆ ನೋಡ್ಬೇಡಿ, ಅದು ತಡವಾಗಿ ಹೇಳುತ್ತೆ. ಎತ್ತಿ ನೋಡಿ. ಬಾಯಾರಿದ ಕುಂಡ ಕೈಗೆ ಗೊತ್ತಾಗುತ್ತೆ."

ಅವರ ಕೊನೆಯ ಪ್ರಯೋಗದ ಉಸ್ತುವಾರಿ ನನ್ನದಾಗಿತ್ತು. ಹೊಸ ಮಣ್ಣಿನ ಮಿಶ್ರಣ ಎಷ್ಟು ದಿನ ತೇವ ಹಿಡಿಯುತ್ತದೆಂದು ತಿಳಿಯಲು ಇಪ್ಪತ್ತು ಕುಂಡಗಳಿಗೆ ಆರು ದಿನ ನೀರು ಕೊಡಬಾರದಿತ್ತು. ಐದನೆಯ ದಿನ ಗಿಡಗಳು ತಲೆ ಜೋಲು ಹಾಕಿದವು. ನಾನು ಒಂದೊಂದಕ್ಕೂ ಒಂದೊಂದು ಮಗ್ಗು ನೀರು ಸುರಿದೆ. ಕನಿಕರಕ್ಕೆ ಸುರಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅಸಲಿಗೆ, ಗಿಡ ಸತ್ತರೆ ಪ್ರಯೋಗ ಮೊದಲಿನಿಂದ ಮಾಡಬೇಕಾಗಿ ನನ್ನ ಪದವಿ ಒಂದು ವರ್ಷ ಮುಂದಕ್ಕೆ ಹೋಗುತ್ತದೆಂಬ ಭಯ. ಕುಂಡಗಳ ದಿನದಿನದ ತೂಕದ ಪುಸ್ತಕದಲ್ಲಿ ಒಣ ಕುಂಡದ ಅಂಕಿಯನ್ನೇ ಬರೆದೆ.

ಮರುದಿನ ಮೇಷ್ಟ್ರು ಒಂದು ಕುಂಡ ಎತ್ತಿ ಹಾಗೇ ನಿಂತುಬಿಟ್ಟರು.

"ಭಾರ ಇದೆಯಲ್ಲ. ನೀರು ಹಾಕಿದ್ದೀಯೇನಮ್ಮ?"

"ಇಲ್ಲ ಸರ್."

ಪುಸ್ತಕ ನೋಡಿದರು. ಮತ್ತೆ ಎತ್ತಿದರು. "ಹಾಗಾದ್ರೆ ನನ್ನ ಕೈಗೇ ವಯಸ್ಸಾಯ್ತು" ಎಂದು ನಕ್ಕರು.

ಅದೇ ಅಂಕಿಗಳು ಅವರ ಕೊನೆಯ ಪ್ರಬಂಧದಲ್ಲಿ ಅಚ್ಚಾದವು. ನನಗೆ ಪದವಿ ಬಂತು. ಆಮೇಲೆ ನಿವೃತ್ತಿಯವರೆಗೂ ಅವರು ತರಗತಿಯಲ್ಲಿ ಯಾರ ಕೈಗೂ ಕುಂಡ ಕೊಡಲಿಲ್ಲವಂತೆ.

ನಿನ್ನೆ ಔಷಧಿ ಅಂಗಡಿಯಲ್ಲಿ ಅವರ ಹೆಂಡತಿ ಸಿಕ್ಕಿದ್ದರು. "ಮನೇಲಿರೋ ಗಿಡಾನೂ ಮುಟ್ಟೋದಿಲ್ಲಮ್ಮ. ನನ್ನ ಕೈ ಸುಳ್ಳು ಹೇಳುತ್ತೆ, ನೀನೇ ನೀರು ಹಾಕು ಅಂತಾರೆ. ನಾನೋ, ದಿನಾ ಸುರಿದು ಸುರಿದು ಅರ್ಧ ಕೊಳೆಸಿದೆ" ಎಂದು ನನ್ನ ತೋಳಿನಲ್ಲಿದ್ದ ಮಗಳ ಕೆನ್ನೆ ಸವರಿದರು. ನಾನು ಮುಖ ಎತ್ತಲಾರದೆ ಔಷಧಿ ಚೀಟಿ ಓದುವವಳಂತೆ ನಿಂತೆ.

ಇವತ್ತು ಮಗಳನ್ನು ಏಳನೆಯ ಸಲ ಎತ್ತಿ ಮಲಗಿಸಿ, ಫೋನ್ ತೆಗೆದುಕೊಂಡೆ.

"ಯಾರು?" ಎಂದರು ಮೇಷ್ಟ್ರು.

ಯಾವ ವರ್ಷದ ವಿದ್ಯಾರ್ಥಿನಿ ಎಂದು ಹೇಳಿದೆ. "ಸರ್, ಆವತ್ತು ನಿಮ್ಮ ಕೈ ಸುಳ್ಳು ಹೇಳಲಿಲ್ಲ. ನಾನು ಹೇಳಿದೆ. ಐದನೇ ದಿನ ನೀರು ಹಾಕಿದ್ದೆ."



"ಒಂದೊಂದು ಮಗ್ಗಾ?"

"ಹೌದು ಸರ್."

"ಹಾಗೇ ಅನ್ನಿಸಿತ್ತು" ಎಂದರು. ಆಮೇಲೆ, "ಪ್ರಬಂಧ ತಿದ್ದಬೇಕಲ್ಲಮ್ಮ ಹಾಗಾದ್ರೆ."

"ತಪ್ಪು ನನ್ನದು ಅಂತ ನನ್ನ ಹೆಸರು ಹಾಕಿಯೇ ತಿದ್ದಿ ಸರ್" ಎಂದೆ.