ಹಲಗಿ ಬಿಟ್ಟವರ ಮಗಳ ರ‍್ಯಾಪ್

ಮೊನ್ನೆ ಸ್ಟೇಶನ್ ಬಜಾರದಲ್ಲಿ ಆಟೊ ಹತ್ತಿದೆ ನೋಡಿ, ಸೀಟಿನ ಹಿಂದಿನ ಸ್ಪೀಕರಿನಿಂದ ಇಂಗ್ಲಿಷ್ ರ‍್ಯಾಪ್ ಎಷ್ಟು ಜೋರಾಗಿ ಬರುತ್ತಿತ್ತೆಂದರೆ ನನ್ನ ಕನ್ನಡಕವೂ ಮೂಗಿನ ಮೇಲೆ ಕುಣಿಯಿತು. ಇಳಿಯುವತನಕ ತಲೆಯಲ್ಲಿ ಇದ್ದವಳು ಸುಜಾತಾ.

ಕಲಬುರಗಿಯ ಹಾಸ್ಟೆಲ್ಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯವರು. ಅವಳದು ಕಮಲಾಪುರದ ಬೌದ್ಧರ ಮನೆ. ಬಟ್ಟೆ ಒಗೆಯುತ್ತ, ಬಕೆಟ್ಟು ಬಡಿಯುತ್ತ ರ‍್ಯಾಪ್ ಹೇಳುತ್ತಿದ್ದಳು. ಭಾವಗೀತೆಯ ಸ್ಪರ್ಧೆಯಲ್ಲಿ ಸಮಾಧಾನಕರ ಬಹುಮಾನ ಪಡೆದಿದ್ದ ನಾನು ಸಂಗೀತ ಬಲ್ಲವಳಂತೆ ಕೇಳಿದ್ದೆ: "ಇಷ್ಟ್ಯಾಕ ಅವಸರ? ನಿಧಾನಕ ಹಾಡಬಾರದೇನ?"

"ಅಮೆರಿಕಾದಾಗ ಕರಿ ಮಂದಿ ತಮ್ಮ ಓಣಿ ಕಥಿ ಹಿಂಗ ಹೇಳ್ಯಾರ. ನಡುವ ಯಾರೂ ಬಾಯಿ ಹಾಕಬಾರದಲ್ಲ!"

ಮುಂದೆ ಅವಳು ತನ್ನ ಕೇರಿಯ ಮೇಲೆಯೇ ಹಾಡು ಕಟ್ಟಿದಳು. ಊರ ಬಾವಿಯ ನೀರು ಕೇರಿಗೆ ಸಿಗದ ಕಥೆಗೇ ಅದರಲ್ಲಿ ಒಂದು ನುಡಿ. ಹಾಡಿನ ಹಿಂದೆ ತಮಟೆಯಂಥ ಹಲಗಿಯ ಬಡಿತ. ಅವಳ ಅಪ್ಪ, ನಾನು ಕಾಕಾ ಎನ್ನುತ್ತಿದ್ದವರು, ಹರೆಯದಲ್ಲಿ ಊರವರ ಮದುವೆಗೂ ಹೆಣಕ್ಕೂ ಹಲಗಿ ಬಾರಿಸಿದವರು. ಬುದ್ಧನ ದಾರಿ ಹಿಡಿದ ದಿನವೇ, ಜಾತಿಯ ಚಾಕರಿ ಸಾಕೆಂದು ಅದನ್ನು ಒಲೆಗೆ ಹಾಕಿ, ಮತ್ತೆ ಮುಟ್ಟಿರಲಿಲ್ಲ. ಮಗಳ ಹಾಡು ಕೇಳಿ ಅವರೆಂದದ್ದು ಒಂದೇ ಮಾತು: "ನಾ ಸುಟ್ಟಿದ್ದು ನೀ ಯಾಕ ಎತ್ಕೊಂಡಿ?" ಆಮೇಲೆ ಬಹಳ ದಿನ ಮಾತು ಬಿಟ್ಟರು.

ಹಾಡು ಮಾತ್ರ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಕೇರಿಯತ್ತ ಕಾಲಿಡದವರೂ ಆ ಬಡಿತಕ್ಕೆ ಕುಣಿದರು. ಸೇಡಂ ರಸ್ತೆಯ ಕಡೆಯ ಒಂದು ಕಾಲೇಜು ತನ್ನ ವಾರ್ಷಿಕೋತ್ಸವದ ಗ್ಯಾದರಿಂಗಿಗೆ ಅವಳನ್ನು ಕರೆಯಿತು. ವೇದಿಕೆಯ ಹಿಂದೆ ಕಾರ್ಯಕ್ರಮ ನಡೆಸುವವರು ಬಂದು ಹೇಳಿದರು: "ಹಲಗಿ ಭಾರಿ ಅದರೀ. ಆ ಕೇರಿ ನೀರಿನ ನುಡಿ ಅಷ್ಟು ಬಿಟ್ಟುಬಿಡ್ರಿ. ಪೋರಗೋಳು ಕುಣೀಲಾಕ ಬಂದಾವ."

ಸುಜಾತಾ ಅಳುಕಿದಳು. ಅಷ್ಟು ಮಂದಿಯ ಮುಂದೆ ಅವಳು ಎಂದೂ ಹಾಡಿರಲಿಲ್ಲ. ಕೊನೆಗೆ ಅಪ್ಪನಿಗೇ ಫೋನು ಹಚ್ಚಿದಳು. ನಾನೂ ಕಿವಿ ಹಚ್ಚಿ ನಿಂತಿದ್ದೆ. ನೀರಿನ ನುಡಿ ಬಿಡು ಎಂದದ್ದನ್ನು ಅವಳು ಹೇಳಿದಳು. ಕಾಕಾ ಅಂದರು: "ಆಗ ಅವರಿಗಿ ನನ್ನ ಕೈ ಅಷ್ಟೇ ಬೇಕಾಗಿತ್ತು, ಬಾಯಿ ಬೇಕಾಗಿರಲಿಲ್ಲ. ನಿನಗ ಮೈಕ್ ಕೊಟ್ಟಾರ. ಮಾತು ಬಿಡೂದಿದ್ರ ಹಲಗೀನೂ ಬಿಡು."

ಅವಳು ಪೂರ್ತಿ ಹಾಡಿದಳು. ನೀರಿನ ನುಡಿ ಬಂದಾಗ ಮುಂದಿನ ಸಾಲಿನ ಕುಣಿತ ನಿಂತಿತು. ಕೆಲವರು ಎದ್ದು ಚಹಾದ ಕಡೆ ಹೋದರು. ಉಳಿದವರು ನಿಂತು ಕೇಳಿದರು. ಆ ಕಾಲೇಜು ಮತ್ತೆ ಕರೆಯಲಿಲ್ಲ. ಬೇರೆಯವರು ಕರೆದರು, ಈಗಲೂ ಕರೆಯುತ್ತಾರೆ.

ಈ ನೆನಪಿನಲ್ಲೇ ಭಾನುವಾರ ಕಮಲಾಪುರಕ್ಕೆ ಹೋದೆ. ಸುಜಾತಾ ಊರಲ್ಲಿರಲಿಲ್ಲ. ಕಾಕಾ ಕಟ್ಟೆಯ ಮೇಲೆ ಕೂತು, ಮಗಳು ಕಳಿಸಿದ ಅಮೆರಿಕದ ರ‍್ಯಾಪನ್ನು ಮೊಬೈಲಿನಲ್ಲಿ ಕೇಳುತ್ತಿದ್ದರು. ನನಗೊಂದು ಕೆಂಪು ಬಾಳೆಹಣ್ಣು ಕೊಟ್ಟು ಕೇಳಿದರು:

"ಯವ್ವಾ, ಈ ಹಾಡೂ ಹುಡುಗನ ಅಪ್ಪನೂ ಮೊದಲ ಸಿಟ್ಟಾಗಿದ್ನೇನ?"

"ಗೊತ್ತಿಲ್ರಿ ಕಾಕಾ."

"ಆಗಿರ್ತಾನ," ಎಂದರು. "ಏನು ಬಿಟ್ಟು ಬಂದಿದ್ನೋ ಏನೋ."

ಅಂದಿನಿಂದ ಎಲ್ಲಿ ರ‍್ಯಾಪ್ ಕೇಳಿದರೂ ಹಾಡುವವರಿಗಿಂತ ಮೊದಲು ಅವರ ಅಪ್ಪನನ್ನು ಮಾತಾಡಿಸಬೇಕು ಅನ್ನಿಸುತ್ತದೆ.